ವೀಸಾಕ್ಕೆ ಒಳಗೆ, ಸಿಮ್ಮಿಗೆ ಹೊರಗೆ: ನನ್ನ ಇ-ಸಿಮ್ ಪುರಾಣ

ಮೊನ್ನೆ ಸೋಮವಾರ ಜರ್ಮನಿಯಿಂದ ವಾಪಸ್ ಬಂದೆವು, ನಾನು ಮತ್ತು ಅಮ್ಮ. 22 ದಿನದ ಪ್ರವಾಸ. ಬಂದಾಗಿನಿಂದ ಮೂರು ಜನ ಒಂದೇ ಪ್ರಶ್ನೆ ಕೇಳಿದ್ದಾರೆ: "ಅಲ್ಲಿ ನೆಟ್ಟಿಗೆ ಏನು ಮಾಡಿದ್ರಿ?" ಒಬ್ಬೊಬ್ಬರಿಗೂ ಅರ್ಧರ್ಧ ಗಂಟೆ ಹೇಳಿ ಗಂಟಲು ಒಣಗಿತು. ಎಲ್ಲವೂ ನೆನಪಿರುವಾಗಲೇ ಬರೆದಿಡೋಣ ಅನ್ನಿಸಿತು. ನಾನು ಟೆಕ್ ಮನುಷ್ಯ ಅಲ್ಲ. ದಾವಣಗೆರೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. ಆ ಹಾರ್ಡ್‌ವೇರ್ ಅಲ್ಲ, ಮೊಳೆ, ಪೈಪು, ಬಣ್ಣದ ಹಾರ್ಡ್‌ವೇರ್.

ನನ್ನ ತಂಗಿ ಇರುವುದು ಫ್ರೈಬುರ್ಗ್‌ನಲ್ಲಿ. ಜರ್ಮನಿಯ ನೈಋತ್ಯ ಮೂಲೆ. ಒಂದು ಕಡೆ ಫ್ರಾನ್ಸ್, ಇನ್ನೊಂದು ಕಡೆ ಸ್ವಿಟ್ಜರ್ಲೆಂಡ್, ಎರಡೂ ಹತ್ತಿರ. ಅವಳಿಗೆ ಮಗುವಾಗಿ ಐದು ತಿಂಗಳಾಗಿತ್ತು. ಪಾಪುವನ್ನು ನೋಡಬೇಕು ಅಂತ ಅಮ್ಮ ಹಟ ಹಿಡಿದಿದ್ದರು. ತುಪ್ಪ ಹಾಕಿದ ಅಂಟಿನುಂಡೆ ಒಂದು ಡಬ್ಬ ಒಯ್ಯುತ್ತೇನೆ ಅಂದಾಗ, ಯುರೋಪಿಗೆ ಹಾಲು-ತುಪ್ಪದ ಪದಾರ್ಥ ಒಯ್ಯುವ ಹಾಗಿಲ್ಲ ಎಂದು ಒಪ್ಪಿಸುವಷ್ಟರಲ್ಲಿ ಎರಡು ದಿನ ಹೋಯಿತು. ಸಿಮ್ಮಿನ ವಿಷಯ ಯಾರ ತಲೆಯಲ್ಲೂ ಇರಲಿಲ್ಲ.

ತಂಗಿಯೇ ಎಚ್ಚರಿಸಿದಳು. "ಅಣ್ಣ, ನೀವು ಇಳಿಯೋದು ಭಾನುವಾರ. ಇಲ್ಲಿ ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತೆ. ಪ್ರೀಪೇಯ್ಡ್ ಸಿಮ್ ತಗೊಂಡರೂ ಪಾಸ್‌ಪೋರ್ಟ್ ತೋರಿಸಿ ಗುರುತು ಖಚಿತ ಮಾಡಿಸಬೇಕು. ಅಲ್ಲಿಂದಲೇ ಇ-ಸಿಮ್ ಹಾಕ್ಕೊಂಡು ಬಾ." ಜರ್ಮನಿಯಲ್ಲಿ 2017ರ ಜುಲೈಯಿಂದ ಗುರುತು ಪರಿಶೀಲನೆ ಇಲ್ಲದೆ ಪ್ರೀಪೇಯ್ಡ್ ಸಿಮ್ ಚಾಲೂ ಆಗುವುದಿಲ್ಲ. ಇನ್ನು ನಮ್ಮ ಇಲ್ಲಿನ ಕಂಪನಿಯ ರೋಮಿಂಗ್ ಪ್ಯಾಕ್ ನೋಡಿದೆ. ಹತ್ತು ದಿನಕ್ಕೆ ಮೂರು ಸಾವಿರದ ಆಸುಪಾಸು. ನಮ್ಮದು 22 ದಿನ. ಲೆಕ್ಕ ಹಾಕಿ ಅಲ್ಲಿಗೇ ಬಿಟ್ಟೆ.

ಇ-ಸಿಮ್ ಅಂದರೆ ಏನೂ ಬ್ರಹ್ಮವಿದ್ಯೆ ಅಲ್ಲ. ಸಿಮ್ಮಿನ ಚಿಪ್ ಫೋನಿನೊಳಗೇ ಕೂತಿರುತ್ತದೆ. ಕಂಪನಿಯವರು ಕಾರ್ಡ್ ಕೊಡುವ ಬದಲು ಒಂದು ಕ್ಯೂಆರ್ ಕೋಡ್ ಕಳಿಸುತ್ತಾರೆ. ಅದನ್ನು ಸ್ಕ್ಯಾನ್ ಮಾಡಿದರೆ ಸಿಮ್ಮಿನ ವಿವರ ಆ ಚಿಪ್ಪಿಗೆ ಇಳಿಯುತ್ತದೆ. ಅಮ್ಮನಿಗೆ ಹೇಳಿದೆ. "ಸಿಮ್ಮೇ ಇಲ್ದಿರೋ ಸಿಮ್ಮಾ?" ಅಂದರು. ಹೆಚ್ಚು ಕಡಿಮೆ ಅಷ್ಟೇ.

ಆದರೆ ಎಲ್ಲ ಫೋನಿನಲ್ಲೂ ಆ ಚಿಪ್ ಇರುವುದಿಲ್ಲ. ನೋಡುವುದು ಸುಲಭ. ಕರೆ ಮಾಡುವ ಕಡೆ *#06# ಒತ್ತಿ. ಫೋನಿನ ಗುರುತಿನ ಐಎಂಇಐ ನಂಬರಿನ ಜೊತೆಗೆ ಇಐಡಿ ಅಂತ 32 ಅಂಕಿಯ ಉದ್ದ ನಂಬರ್ ಬಂದರೆ ಇ-ಸಿಮ್ ನಡೆಯುತ್ತದೆ. ನನ್ನ ಫೋನಿನಲ್ಲಿ ಬಂತು. ಅಮ್ಮನದು ಒಂಬತ್ತು ಸಾವಿರದ ಫೋನು, ಬರಲಿಲ್ಲ. ಐಫೋನ್ ಇರುವವರಿಗೆ 2018ರ ಎಕ್ಸ್‌ಎಸ್, ಎಕ್ಸ್‌ಆರ್‌ನಿಂದ ಈಚಿನದಾದರೆ ಸಾಮಾನ್ಯವಾಗಿ ಇರುತ್ತದೆ. ಆದರೆ ಚೀನಾದಲ್ಲಿ ಮಾರಿದ ಐಫೋನ್ ಯಾರಾದರೂ ತಂದುಕೊಟ್ಟಿದ್ದರೆ ಒಮ್ಮೆ ನೋಡಿಕೊಳ್ಳಿ, ಅದರಲ್ಲಿ ಬಹುಪಾಲು ಇರುವುದಿಲ್ಲ. ಅಮ್ಮನಿಗೆ ನನ್ನ ಫೋನಿನಿಂದ ಹಾಟ್‌ಸ್ಪಾಟ್ ಕೊಡೋದು ಅಂತ ತೀರ್ಮಾನವಾಯಿತು. ಇದಕ್ಕೂ ಒಂದು ಮಾತಿದೆ. "ಅನ್‌ಲಿಮಿಟೆಡ್" ಅಂತ ಮಾರುವ ಕೆಲವು ಪ್ಲಾನ್‌ಗಳಲ್ಲಿ ಹಾಟ್‌ಸ್ಪಾಟ್ ಕೊಡುವ ಹಾಗಿಲ್ಲ, ಅಥವಾ ದಿನಕ್ಕೆ ಇಷ್ಟೇ ಅಂತ ಮಿತಿ ಇರುತ್ತದೆ. ನಾನು ಅದನ್ನು ಓದಿ, 10 ಜಿಬಿಯ ಲೆಕ್ಕದ ಪ್ಲಾನೇ ಸಾಕು ಅಂದುಕೊಂಡೆ. ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಓದಿದ್ದು ಅದೊಂದೇ ಸಾಲು.

ಎಲ್ಲಿ ಕೊಳ್ಳುವುದು? ಗೆಳೆಯನೊಬ್ಬ ಒಂದು ವಿದೇಶಿ ಆ್ಯಪ್ ಹೇಳಿದ. ಹುಡುಕಿದರೆ ಆ್ಯಪ್ ಸ್ಟೋರಿನಲ್ಲಿ ಸಿಗಲಿಲ್ಲ. ಆಮೇಲೆ ಓದಿ ತಿಳಿದೆ. ವಿದೇಶದ ಸಿಮ್ ನಮ್ಮ ದೇಶದಲ್ಲಿ ಮಾರಬೇಕಾದರೆ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು, ಕೊಳ್ಳುವವರ ದಾಖಲೆ ಪಡೆಯಬೇಕು. ಅನುಮತಿ ಇಲ್ಲದೆ ಮಾರುತ್ತಿದ್ದವು ಅಂತ 2024ರ ಜನವರಿಯಲ್ಲಿ ಎರಡು ದೊಡ್ಡ ಆ್ಯಪ್‌ಗಳನ್ನು ಇಲ್ಲಿನ ಸ್ಟೋರ್‌ಗಳಿಂದ ತೆಗೆಸಿದ್ದರು. ನಮಗ್ಯಾಕೆ ತಾಪತ್ರಯ ಅಂತ ಅನುಮತಿ ಇರುವ ಇಲ್ಲಿಯದೇ ಒಂದು ಕಂಪನಿಯ ಸೈಟಿಗೆ ಹೋದೆ.

ಅಲ್ಲಿ ಕೇಳಿದ್ದು: ಪಾಸ್‌ಪೋರ್ಟಿನ ಮೊದಲ ಪುಟ, ಕೊನೆಯ ಪುಟ, ವೀಸಾ ಇರುವ ಪುಟ, ವಿಮಾನದ ಟಿಕೆಟ್. ವೀಸಾ ಪುಟ! ನಮ್ಮ ಪಾಸ್‌ಪೋರ್ಟುಗಳು ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಕೂತಿದ್ದವು. ಅವು ಕೈಗೆ ಬರುವ ತನಕ ಸಿಮ್ ಕೊಳ್ಳುವ ಹಾಗಿಲ್ಲ. ಹೊರಡಲು ನಾಲ್ಕು ದಿನ ಇರುವಾಗ ಕೊರಿಯರ್ ಬಂತು. ಅಂಗಡಿಯ ಗಲ್ಲಾ ಮೇಲೇ ಇಟ್ಟು ಫೋಟೋ ಹೊಡೆದು ಹಾಕಿದೆ. ಸಂಜೆಗೆ ಉತ್ತರ ಬಂತು, "ಚಿತ್ರ ಸ್ಪಷ್ಟವಾಗಿಲ್ಲ." ಟ್ಯೂಬ್‌ಲೈಟಿನ ಬೆಳಕು ಪಾಸ್‌ಪೋರ್ಟಿನ ಪ್ಲಾಸ್ಟಿಕ್ ಮೇಲೆ ಬಿದ್ದು ನನ್ನ ಮುಖವೇ ಬಿಳಿಚಿಕೊಂಡಿತ್ತು. ಮಾರನೆಯ ದಿನ ಬೆಳಿಗ್ಗೆ ಮನೆಯ ಜಗಲಿಯಲ್ಲಿ, ನೆರಳಿನಲ್ಲಿ ಇಟ್ಟು ಮತ್ತೆ ತೆಗೆದೆ. ಮಧ್ಯಾಹ್ನಕ್ಕೆ ಒಪ್ಪಿಗೆ ಬಂತು. ಯುಪಿಐನಲ್ಲಿ ದುಡ್ಡು ಕಟ್ಟಿದೆ. 30 ದಿನ, 10 ಜಿಬಿ, ಸುಮಾರು 1,800 ರೂಪಾಯಿ. ಪ್ಲಾನಿನ ಹೆಸರಿನಲ್ಲಿ "ಯುರೋಪ್" ಅಂತ ಇತ್ತು. ಕೆಳಗೆ "ದೇಶಗಳ ಪಟ್ಟಿ ನೋಡಿ" ಅಂತ ಸಣ್ಣ ಅಕ್ಷರದಲ್ಲಿ ಇತ್ತು. ಯುರೋಪ್ ಅಂದರೆ ಯುರೋಪ್ ಅಲ್ವಾ, ನೋಡೋದೇನು ಅಂತ ಮುಂದೆ ಹೋದೆ.

ಕ್ಯೂಆರ್ ಕೋಡ್ ಮೇಲ್‌ನಲ್ಲಿ ಬಂತು. ಅದನ್ನು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದು ಫೋನಿನಿಂದ ಸ್ಕ್ಯಾನ್ ಮಾಡಿದೆ. ಈ ಕೆಲಸ ಮನೆಯಲ್ಲೇ, ವೈಫೈ ಇರುವಾಗಲೇ ಮಾಡಿಕೊಳ್ಳಿ. ಎರಡು ನಿಮಿಷಕ್ಕೆ ಇಳಿಯಿತು. ಆದರೆ ಸಿಗ್ನಲ್ ಇಲ್ಲ. ಅರ್ಧ ಗಂಟೆ ಕಾದೆ, ಇಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದೆ, ಇಲ್ಲ. ಹಾಳಾಯ್ತು ಅಂದುಕೊಂಡು ಅಳಿಸಿ ಮತ್ತೆ ಹಾಕೋಣ ಅಂತ ಬೆರಳು ಇಟ್ಟೇ ಬಿಟ್ಟಿದ್ದೆ. ಅಷ್ಟರಲ್ಲಿ ತಂಗಿ ಫೋನ್ ಎತ್ತಿದಳು. "ಅಣ್ಣ, ಅಳಿಸ್ಬೇಡ! ಅದು ಯುರೋಪಿನ ಸಿಮ್ಮು, ದಾವಣಗೆರೆಯಲ್ಲಿ ಸಿಗ್ನಲ್ ಎಲ್ಲಿಂದ ಬರ್ಬೇಕು?" ಹೌದಲ್ಲ! ಬಹಳಷ್ಟು ಕಂಪನಿಗಳ ಕ್ಯೂಆರ್ ಕೋಡ್ ಒಮ್ಮೆ ಮಾತ್ರ ನಡೆಯುತ್ತದೆ. ಅಳಿಸಿದರೆ 1,800 ರೂಪಾಯಿ ಗಂಗೆಗೆ. ಇನ್ನೊಂದು ವಿಷಯವನ್ನು ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಕೆಲವು ಪ್ಲಾನುಗಳ ದಿನದ ಲೆಕ್ಕ ಫೋನಿಗೆ ಹಾಕಿದ ಕೂಡಲೇ ಶುರುವಾಗುತ್ತದೆ, ಕೆಲವದು ಆ ದೇಶದ ನೆಟ್‌ವರ್ಕ್ ಹಿಡಿದ ಮೇಲೆ. ನನ್ನದು ಎರಡನೆಯ ಬಗೆ. ಅದೃಷ್ಟ, ಜಾಣತನ ಅಲ್ಲ.

ಈಗ ನಾನು ಮಾಡಿದ ನಿಜವಾದ ದಡ್ಡತನಕ್ಕೆ ಬರುತ್ತೇನೆ. ನನ್ನ ಫೋನಿನಲ್ಲಿ ಮೊದಲೇ ಎರಡು ಸಿಮ್ ಇದ್ದವು. ಒಂದು ಅಂಗಡಿ ನಂಬರ್, ವಾಟ್ಸ್‌ಆ್ಯಪ್ ಇರೋದು ಅದರಲ್ಲಿ. ಇನ್ನೊಂದು ಹಳೆಯ ನಂಬರ್, ಬ್ಯಾಂಕಿಗೆ, ಆಧಾರಿಗೆ, ಯುಪಿಐಗೆ ಜೋಡಿಸಿರೋದು. ಇ-ಸಿಮ್ ಸೇರಿದರೆ ಮೂರಾಯಿತು. ಆದರೆ ಫೋನ್ ಒಂದು ಸಲಕ್ಕೆ ಎರಡನ್ನೇ ನಡೆಸುತ್ತದೆ. ಒಂದನ್ನು ಆಫ್ ಮಾಡು ಅಂತ ಕೇಳಿತು. ವಾಟ್ಸ್‌ಆ್ಯಪ್ ನಂಬರ್ ಆಫ್ ಮಾಡಿದರೆ ವಾಟ್ಸ್‌ಆ್ಯಪ್ ನಿಂತುಹೋಗುತ್ತೆ ಅಂದುಕೊಂಡು ಬ್ಯಾಂಕಿನ ಸಿಮ್ ಆಫ್ ಮಾಡಿದೆ. ಪೂರ್ತಿ ಉಲ್ಟಾ! ನಾವು ಹೋದಾಗ ವಾಟ್ಸ್‌ಆ್ಯಪ್‌ಗೆ ಸಿಮ್ ಬೇಕಾಗುತ್ತಿದ್ದದ್ದು ಮೊದಲ ಸಲ ನೋಂದಾಯಿಸುವಾಗ. ಆಮೇಲೆ ಯಾವ ಇಂಟರ್ನೆಟ್ ಆದರೂ ನಡೆಯುತ್ತಿತ್ತು, ಹಳೆಯ ನಂಬರೇ ಇರುತ್ತಿತ್ತು. "ನಂಬರ್ ಬದಲಾಯಿಸಬೇಕೇ?" ಅಂತ ಕೇಳಿದರೆ ಬೇಡ ಅನ್ನಿ, ಮುಗಿಯಿತು. ಬದುಕಿಸಿ ಇಟ್ಟುಕೊಳ್ಳಬೇಕಾದ್ದು ಓಟಿಪಿ ಬರುವ ಸಿಮ್. ಅದಕ್ಕೆ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಿ, ಅದರ ಡೇಟಾ ರೋಮಿಂಗ್ ಮಾತ್ರ ಆಫ್ ಇಟ್ಟುಕೊಂಡರೆ ಮೆಸೇಜ್ ಬರುತ್ತದೆ, ಡೇಟಾ ಬಿಲ್ ಬರುವುದಿಲ್ಲ. ಇದನ್ನು ನಾನು ಕಲಿತದ್ದು ಹದಿನಾಲ್ಕನೆಯ ದಿನ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ. ಅಮ್ಮ ಪೂರ್ತಿ ಎಚ್ಚರವಾಗಿದ್ದು ಕಿಟಕಿಯಾಚೆಯ ಕತ್ತಲೆ ನೋಡಿದರು. ಇಮಿಗ್ರೇಷನ್ ಸಾಲಿನಲ್ಲಿ ಮುಕ್ಕಾಲು ಗಂಟೆ. ತಂಗಿಯ ಆಹ್ವಾನಪತ್ರ, ವಿಮೆ, ವಾಪಸ್ ಟಿಕೆಟ್ ಎಲ್ಲ ಕಾಗದದಲ್ಲೇ ಇದ್ದದ್ದು ಒಳ್ಳೆಯದಾಯಿತು. ಫೋನಿನಲ್ಲಿ ನೆಟ್ ಇನ್ನೂ ಬಂದಿರಲಿಲ್ಲ.

ಸಾಮಾನು ತೆಗೆದುಕೊಳ್ಳುವ ಕಡೆ ನಿಂತು ಸೆಟ್ಟಿಂಗ್ಸ್ ತೆರೆದೆ. ಇ-ಸಿಮ್ ಆನ್. ಮೊಬೈಲ್ ಡೇಟಾ ಅದರ ಮೇಲೆ. ಸಿಗ್ನಲ್ ಕಡ್ಡಿ ನಾಲ್ಕೂ ಬಂತು, ನೆಟ್ ಮಾತ್ರ ಇಲ್ಲ. ಕಾರಣ ಡೇಟಾ ರೋಮಿಂಗ್ ಆಫ್ ಇತ್ತು. "ರೋಮಿಂಗ್" ಅನ್ನೋ ಶಬ್ದ ಕಂಡರೆ ನನಗೆ ಹೆದರಿಕೆ. ಯಾರೋ ಲಕ್ಷ ರೂಪಾಯಿ ಬಿಲ್ ಕಟ್ಟಿದ ಕಥೆ ಎಲ್ಲರೂ ಕೇಳಿರುತ್ತೇವಲ್ಲ. ಆದರೆ ಪ್ರವಾಸದ ಇ-ಸಿಮ್ಮಿಗೆ ಅದು ಆನ್ ಇರಲೇಬೇಕು, ಯಾಕೆಂದರೆ ಆ ಸಿಮ್ ಬೇರೆ ಯಾವುದೋ ದೇಶದ್ದು, ಜರ್ಮನಿಯಲ್ಲಿ ಅದೂ ನಮ್ಮ ಹಾಗೇ ಪರದೇಶಿ. ಪ್ರೀಪೇಯ್ಡ್ ಆದ್ದರಿಂದ 10 ಜಿಬಿ ಮುಗಿದರೆ ನಿಲ್ಲುತ್ತದೆ, ಬಿಲ್ ಏರುವುದಿಲ್ಲ. ಆನ್ ಮಾಡಿದೆ. ಆಗಲೂ ಬರಲಿಲ್ಲ! ಮೇಲ್‌ನಲ್ಲಿ ಎಪಿಎನ್ ಅಂತ, ಸಿಮ್ಮನ್ನು ನೆಟ್ಟಿಗೆ ಜೋಡಿಸುವ ಒಂದು ಪದ ಕೊಟ್ಟಿದ್ದರು, ಅದನ್ನು ಕೈಯಿಂದ ತುಂಬಬೇಕಿತ್ತು. ಆ ಮೇಲ್ ನೋಡಲು ನೆಟ್ ಬೇಕು. ವಿಮಾನ ನಿಲ್ದಾಣದ ಉಚಿತ ವೈಫೈ ಹಿಡಿದು ನೋಡಿ, ತುಂಬಿ, ಫೋನ್ ಮತ್ತೆ ಆನ್ ಮಾಡಿದೆ. ಟಿಣ್, ಟಿಣ್, ಟಿಣ್ ಅಂತ ವಾಟ್ಸ್‌ಆ್ಯಪ್ ಉಕ್ಕಿ ಬಂತು. ಅಮ್ಮ, "ಬಂತಾ ಕರೆಂಟು?" ಅಂದರು. ನೀವು ಆ ಮೇಲ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಹೋಗಿ.

ಒಂದು ತಮಾಷೆ. ಗೂಗಲ್ ತೆರೆದರೆ ಪುಟ ಪೋಲಿಷ್ ಭಾಷೆಯಲ್ಲಿ ಬಂತು. ಇಂಥ ಸಿಮ್ಮಿನ ಡೇಟಾ ಸಾಮಾನ್ಯವಾಗಿ ಮೊದಲು ಅದರ ತವರು ದೇಶಕ್ಕೆ ಹೋಗಿ ಅಲ್ಲಿಂದ ಇಂಟರ್ನೆಟ್‌ಗೆ ಸೇರುತ್ತದೆ. ಹಾಗಾಗಿ ಸೈಟುಗಳಿಗೆ ನಾವು ಆ ದೇಶದಲ್ಲಿ ಇದ್ದೇವೆ ಅನ್ನಿಸುತ್ತದೆ. ಕೆಲವು ಬ್ಯಾಂಕ್ ಆ್ಯಪ್‌ಗಳು ಇದಕ್ಕೇ ಮುನಿಸಿಕೊಳ್ಳುತ್ತವೆ. ವೇಗವೂ ಸ್ವಲ್ಪ ಕಮ್ಮಿ. ಮ್ಯಾಪ್, ವಾಟ್ಸ್‌ಆ್ಯಪ್‌ಗೆ ಏನೂ ತೊಂದರೆ ಆಗಲಿಲ್ಲ.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಪಕ್ಕದಲ್ಲೇ ದೂರದ ರೈಲುಗಳ ನಿಲ್ದಾಣ. ಅಲ್ಲಿಂದ ಫ್ರೈಬುರ್ಗ್‌ಗೆ ನೇರ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಪ್ಲಾಟ್‌ಫಾರ್ಮ್ ಕೊನೆ ಗಳಿಗೆಯಲ್ಲಿ ಬದಲಾಯಿತು. ಅದು ಗೊತ್ತಾಗಿದ್ದು ರೈಲ್ವೆಯ ಆ್ಯಪ್‌ನಿಂದ. ಆ ಒಂದು ಗಳಿಗೆಗೇ 1,800 ರೂಪಾಯಿ ವಸೂಲಾಯಿತು ಅನ್ನಿಸಿತು.

ಸಂಜೆ ನೋಡಿದರೆ 10 ಜಿಬಿಯಲ್ಲಿ 2.3 ಜಿಬಿ ಖಾಲಿ! ಒಂದೇ ದಿನಕ್ಕೆ! ಅಮ್ಮ ರೈಲಿನಲ್ಲಿ ಹೊಲ, ದ್ರಾಕ್ಷಿ ತೋಟ, ಚರ್ಚು ಎಲ್ಲದರ ವಿಡಿಯೋ ತೆಗೆದಿದ್ದರು. ನನ್ನ ಹಾಟ್‌ಸ್ಪಾಟ್ ಅವರ ಫೋನಿಗೆ ವೈಫೈ ಥರ ಕಾಣುತ್ತದಲ್ಲ, ವೈಫೈ ಸಿಕ್ಕಿತು ಅಂತ ಅವರ ಫೋನು ಎಲ್ಲ ಫೋಟೋ-ವಿಡಿಯೋವನ್ನು ಬ್ಯಾಕಪ್ ಮಾಡಿತ್ತು. ಹೊರಡುವ ಮೊದಲೇ ಎರಡೂ ಫೋನಿನಲ್ಲಿ ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್, ವಾಟ್ಸ್‌ಆ್ಯಪ್‌ನ ಆಟೋ ಡೌನ್‌ಲೋಡ್ ನಿಲ್ಲಿಸಿ. ಆಮೇಲಿನ ಎರಡು ವಾರ ತಂಗಿ ಮನೆಯ ವೈಫೈ ಇತ್ತು, ಹೊರಗೆ ಹೋದಾಗ ಮಾತ್ರ ಇ-ಸಿಮ್. ದಿನಕ್ಕೆ 200 ಎಂಬಿ ದಾಟಲಿಲ್ಲ.

ಒಂದು ದಿನ ಸ್ಟ್ರಾಸ್‌ಬರ್ಗ್‌ಗೆ ಹೋದೆವು. ರೈಲು ರೈನ್ ನದಿ ದಾಟಿದರೆ ಫ್ರಾನ್ಸ್. ಫೋನಿನಲ್ಲಿ ನೆಟ್‌ವರ್ಕಿನ ಹೆಸರು ಬದಲಾಯಿತು, ನೆಟ್ ಒಂದು ಕ್ಷಣವೂ ನಿಲ್ಲಲಿಲ್ಲ. "ದೇಶ ಬದಲಾದ್ರೂ ಗೊತ್ತೇ ಆಗಲ್ವಲ್ಲೋ" ಅಂತ ಅಮ್ಮ. ನನಗೆ ಧೈರ್ಯ ಬಂದದ್ದು, ಕೆಟ್ಟದ್ದು, ಅಲ್ಲಿಯೇ.

ಹದಿನಾಲ್ಕನೆಯ ದಿನ ನಾನು, ಅಮ್ಮ ಇಬ್ಬರೇ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್‌ಗೆ ಹೊರಟೆವು, ಎರಡು ರಾತ್ರಿಗೆ. ಜರ್ಮನಿಯವರು ಕೊಟ್ಟ ಷೆಂಗನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ, ಅಲ್ಲಿಗೂ ನಡೆಯುತ್ತದೆ, ಬೇರೆ ಬೇಡ. ಫ್ರೈಬುರ್ಗ್‌ನಿಂದ ನೇರ ರೈಲು. ಮುಕ್ಕಾಲು ಗಂಟೆಯಲ್ಲಿ ಗಡಿಯ ಸ್ವಿಸ್ ಊರು ಬಾಸೆಲ್. ಅಲ್ಲಿ ಮೊದಲು ಬರುವುದು ಬಾಡಿಷರ್ ನಿಲ್ದಾಣ. ನೆಲ ಸ್ವಿಸ್‌ನವರದು, ನಿಲ್ದಾಣ ನಡೆಸುವುದು ಜರ್ಮನಿಯ ರೈಲ್ವೆ. ಅಲ್ಲಿಯವರೆಗೂ ನೆಟ್ ಇತ್ತು. ರೈಲು ಊರಿನೊಳಗೆ ಸಾಗುತ್ತಿದ್ದ ಹಾಗೆ ಕಡ್ಡಿಗಳು ಒಂದೊಂದೇ ಇಳಿದವು. ಆಮೇಲೆ "ಸೇವೆ ಇಲ್ಲ."

ಅದೇ ಹೊತ್ತಿಗೆ ಘೋಷಣೆ. ಜರ್ಮನ್ನಿನಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ರೈಲು ತಡವಾಗಿದೆ, ಬಾಸೆಲ್‌ನಲ್ಲೇ ಕೊನೆ, ಎಲ್ಲರೂ ಇಳಿಯಿರಿ. ಸ್ವಿಸ್ ರೈಲುಗಳದು ಗಡಿಯಾರದ ಶಿಸ್ತು. ಜರ್ಮನಿಯಿಂದ ಲೇಟಾಗಿ ಬಂದ ರೈಲನ್ನು ಒಳಗೆ ಬಿಟ್ಟರೆ ತಮ್ಮ ವೇಳಾಪಟ್ಟಿ ಕೆಡುತ್ತದೆ ಅಂತ ಬಾಸೆಲ್‌ನಲ್ಲೇ ನಿಲ್ಲಿಸಿಬಿಡುವುದು ಅಲ್ಲಿ ಮಾಮೂಲಂತೆ. ನಮಗೇನು ಗೊತ್ತು? ಎರಡು ಬ್ಯಾಗು, ಒಂದು ಊಟದ ಡಬ್ಬಿ, 71 ವರ್ಷದ ಅಮ್ಮ, ಸತ್ತ ಫೋನು.

ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ ನಿಲ್ದಾಣದ ವೈಫೈ ಹಿಡಿದೆ. ಅದು ಫೋನ್ ನಂಬರ್ ಕೇಳಿತು, ಕೋಡ್ ಕಳಿಸುತ್ತೇನೆ ಅಂತ. ಅಂಗಡಿ ನಂಬರ್ ಕೊಟ್ಟೆ. ಕೋಡ್ ಬರಲಿಲ್ಲ, ಯಾಕೆಂದರೆ ಅದಕ್ಕೆ ರೋಮಿಂಗ್ ಮಾಡಿಸಿಯೇ ಇರಲಿಲ್ಲ. ಎರಡು ವಾರದಿಂದ ಅದು ಸುಮ್ನೆ ಫೋನಿನೊಳಗೆ ಕೂತಿತ್ತು, ನಾನು ಗಮನಿಸಿರಲೂ ಇಲ್ಲ. ಬ್ಯಾಂಕಿನ ಸಿಮ್ ಆನ್ ಮಾಡಿದೆ, ಅದಕ್ಕೂ ಸಿಗ್ನಲ್ ಇಲ್ಲ. ಬೀಗದ ಕೈಯನ್ನು ಪೆಟ್ಟಿಗೆಯೊಳಗೆ ಇಟ್ಟು ಪೆಟ್ಟಿಗೆಗೆ ಬೀಗ ಹಾಕಿದ ಹಾಗಾಯಿತು. ಕೈ ಬೆವರುತ್ತಿತ್ತು. ಅಮ್ಮನ ಮುಖ ನೋಡಲು ಧೈರ್ಯ ಬರಲಿಲ್ಲ. ಅವರಿಗೆ ಏನೂ ತೊಂದರೆ ಇಲ್ಲ ಅನ್ನೋ ಹಾಗೆ ನಗುತ್ತಾ ನಿಂತಿದ್ದೆ. ಆ ನಗು ನೋಡಿಯೇ ಅವರಿಗೆ ಅನುಮಾನ ಬಂತಂತೆ.

"ಗೋಡೆ ಮೇಲೆ ಏನೋ ಹಳದಿ ಕಾಗದ ಅಂಟಿಸ್ಯಾರೆ, ಎಲ್ರೂ ಅದನ್ನೇ ನೋಡಾಕತ್ಯಾರೆ. ನೀನೂ ನೋಡು" ಅಂದರು ಅಮ್ಮ. ಅದು ಹೊರಡುವ ರೈಲುಗಳ ಪಟ್ಟಿ. ಗಂಟೆ, ರೈಲು, ಪ್ಲಾಟ್‌ಫಾರ್ಮ್ ಎಲ್ಲ ಬರೆದಿತ್ತು. ಇಂಟರ್‌ಲಾಕನ್ ಹುಡುಕಿ, ನಮ್ಮ ಟಿಕೆಟ್ ತೋರಿಸಿ ಒಬ್ಬ ಸಿಬ್ಬಂದಿಯನ್ನು ಕೇಳಿದೆ. ಇದೇ ಟಿಕೆಟ್ ನಡೆಯುತ್ತದೆ, ಹತ್ತಿ ಅಂದ. ಟಿಕೆಟ್ಟಿನ ಪಿಡಿಎಫ್ ಫೋನಿನಲ್ಲೇ ಇಳಿಸಿಟ್ಟುಕೊಂಡಿದ್ದೆ, ಪುಣ್ಯ.

ಬರ್ನ್, ಥುನ್, ಸ್ಪೀಟ್ಸ್. ಎಡಗಡೆ ಥುನ್ ಸರೋವರ, ನೀಲಿ ಅಂದರೆ ಹೊಸ ಪಾತ್ರೆಗೆ ಬಣ್ಣ ಬಳಿದ ಹಾಗೆ. ಅಮ್ಮ ಅದನ್ನು ನೋಡುತ್ತಿದ್ದರು. ನಾನು ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿದ್ದ ಪ್ಲಾನಿನ ಪುಟ ಓದುತ್ತಿದ್ದೆ. ದೇಶಗಳ ಪಟ್ಟಿಯಲ್ಲಿ ಆಸ್ಟ್ರಿಯಾ, ಬೆಲ್ಜಿಯಂನಿಂದ ಹಿಡಿದು ಐಸ್‌ಲೆಂಡ್, ನಾರ್ವೆವರೆಗೆ ಎಲ್ಲ ಇದೆ. ಸ್ವಿಟ್ಜರ್ಲೆಂಡ್ ಇಲ್ಲ.

ಯಾಕೆ ಅಂತ ಆಮೇಲೆ ಭಾವ ವಿವರಿಸಿದರು. ಯುರೋಪಿಯನ್ ಯೂನಿಯನ್ನಿನ ಒಂದು ನಿಯಮದಿಂದಾಗಿ 2017ರಿಂದ ಅಲ್ಲಿನ ಸಿಮ್ಮುಗಳಿಗೆ ಒಂದು ದೇಶದಿಂದ ಇನ್ನೊಂದಕ್ಕೆ ಹೋದರೆ ಹೆಚ್ಚಿನ ರೋಮಿಂಗ್ ದುಡ್ಡು ಇಲ್ಲ. ನಾರ್ವೆ, ಐಸ್‌ಲೆಂಡ್, ಲಿಕ್ಟೆನ್‌ಸ್ಟೈನ್ ಯೂನಿಯನ್ನಿನ ಹೊರಗಿದ್ದರೂ ಈ ನಿಯಮದೊಳಗಿವೆ. ಸ್ವಿಟ್ಜರ್ಲೆಂಡ್ ಇಲ್ಲ. ಹಾಗಾಗಿ ಅಗ್ಗದ "ಯುರೋಪ್" ಪ್ಲಾನ್‌ಗಳು ಅದನ್ನು ಕೈಬಿಟ್ಟಿರಬಹುದು. ಬ್ರಿಟನ್ ಕೂಡ ಯೂನಿಯನ್ ಬಿಟ್ಟ ಮೇಲೆ ಹೀಗೇ, ಕೆಲವದರಲ್ಲಿ ಇರುತ್ತದೆ, ಕೆಲವದರಲ್ಲಿ ಇಲ್ಲ. ಒಟ್ಟಿನಲ್ಲಿ ಸ್ವಿಟ್ಜರ್ಲೆಂಡ್ ವೀಸಾಕ್ಕೆ ಒಳಗೆ, ಸಿಮ್ಮಿಗೆ ಹೊರಗೆ.

ಹೋಟೆಲ್ ಹುಡುಕಲು ಮ್ಯಾಪ್ ಇಲ್ಲ. ನಿಲ್ದಾಣದ ಮುಂದೆ ಮೂರು ಜನರನ್ನು ಕೇಳಿ ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ನಡೆದೆವು. ಗೂಗಲ್ ಮ್ಯಾಪ್‌ನಲ್ಲಿ ಊರಿನ ನಕ್ಷೆ ಮೊದಲೇ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ನಕ್ಷೆ ಕಾಣುತ್ತದೆ, ನಾವೆಲ್ಲಿದ್ದೇವೆ ಅಂತಲೂ ಗೊತ್ತಾಗುತ್ತದೆ. ಇದು ಉಚಿತ, ಐದು ನಿಮಿಷದ ಕೆಲಸ. ನಾನು ಮಾಡಿರಲಿಲ್ಲ.

ಹೋಟೆಲಿನ ವೈಫೈ ಸಿಕ್ಕಿದ ಮೇಲೆ ಸ್ವಿಸ್ ಇ-ಸಿಮ್ ಕೊಳ್ಳೋಣ ಅಂತ ಕೂತೆ. ಯುಪಿಐ ಆ್ಯಪ್ ತೆರೆದರೆ ಸಿಮ್ ಸಿಗುತ್ತಿಲ್ಲ ಅಂತ ಗೊಣಗಿತು. ಕಾರ್ಡ್ ಹಾಕಿದರೆ ಓಟಿಪಿ. ಓಟಿಪಿ ಬರುವುದು ಬ್ಯಾಂಕಿನ ಸಿಮ್ಮಿಗೆ. ವಿದೇಶಿ ಸೈಟಿನಲ್ಲಿ ನೋಡಿದೆ, ಅಲ್ಲಿ ಕಾರ್ಡೇ ತಿರಸ್ಕಾರವಾಯಿತು. 2020ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ನಮ್ಮ ಹೊಸ ಕಾರ್ಡುಗಳು ದೇಶದೊಳಗಿನ ವ್ಯವಹಾರಕ್ಕೆ ಮಾತ್ರ ತೆರೆದಿರುತ್ತವೆ. ವಿದೇಶದ್ದು ನಾವೇ ಚಾಲೂ ಮಾಡಿಕೊಳ್ಳಬೇಕು. ಅದನ್ನು ಮಾಡಲು ಹೋದರೆ ಮತ್ತೆ ಓಟಿಪಿ! ಸಿಮ್ ಕಂಪನಿಯ ಆ್ಯಪ್‌ಗೆ ಹೋಗಿ ರೋಮಿಂಗ್ ಚಾಲೂ ಮಾಡೋಣ ಅಂದರೆ ಅಲ್ಲಿ ಲಾಗಿನ್‌ಗೂ ಓಟಿಪಿ, ಅದೇ ನಂಬರಿಗೆ. ಫೋನ್ ಮಂಚದ ಮೇಲೆ ಎಸೆದು ಸ್ವಲ್ಪ ಹೊತ್ತು ಸುಮ್ಮನೆ ಮಲಗಿದೆ. ಅಮ್ಮ ಡಬ್ಬಿಯಿಂದ ಚಪಾತಿ, ಶೇಂಗಾ ಚಟ್ನಿಪುಡಿ ತೆಗೆದು, "ಮೊದ್ಲು ಉಣ್ಣು" ಅಂದರು.

ಉಂಡ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ತಂಗಿಗೆ ಹೇಳಿದೆ. ಅವಳು ತನ್ನ ಕಾರ್ಡಿನಿಂದ ಸ್ವಿಟ್ಜರ್ಲೆಂಡಿನ 1 ಜಿಬಿ, ಏಳು ದಿನದ್ದು ಐದು ಯೂರೋ ಒಳಗೆ ಕೊಂಡು, ಕ್ಯೂಆರ್ ಕೋಡ್ ಕಳಿಸಿದಳು. ಕೋಡ್ ಬಂದದ್ದು ನನ್ನ ಫೋನಿಗೇ. ಅದರ ಕ್ಯಾಮೆರಾದಿಂದ ಅದರದೇ ಪರದೆಯನ್ನು ಹೇಗೆ ಸ್ಕ್ಯಾನ್ ಮಾಡೋದು? ಅಮ್ಮನ ಫೋನಿಗೆ ಕಳಿಸು ಅಂದೆ. ಅಮ್ಮ ತಮ್ಮ ಫೋನನ್ನು ಎರಡೂ ಕೈಯಲ್ಲಿ ಮಂಗಳಾರತಿ ತಟ್ಟೆಯ ಹಾಗೆ ಹಿಡಿದರು, ನಾನು ಸ್ಕ್ಯಾನ್ ಮಾಡಿದೆ. ಎರಡನೇ ಫೋನ್ ಇಲ್ಲದಿದ್ದರೂ ದಾರಿ ಇದೆ. ಕ್ಯೂಆರ್ ಜೊತೆಗೆ ಒಂದು ವಿಳಾಸ, ಒಂದು ಕೋಡ್ ಕೊಟ್ಟಿರುತ್ತಾರೆ, ಅದನ್ನು ಸೆಟ್ಟಿಂಗ್ಸ್‌ನಲ್ಲಿ ಕೈಯಿಂದ ತುಂಬಬಹುದು. ಹಳೆಯ ಇ-ಸಿಮ್ ಅಳಿಸಬೇಕಾಗಿಲ್ಲ, ಎರಡೂ ಫೋನಿನಲ್ಲಿ ಇರುತ್ತವೆ. ಬೇಕಾದ್ದನ್ನು ಆನ್ ಮಾಡಿಕೊಂಡರೆ ಆಯಿತು. ಐದು ನಿಮಿಷಕ್ಕೆ ನೆಟ್ ಬಂತು.

ಓಟಿಪಿ ಸಮಸ್ಯೆ ಉಳಿದಿತ್ತು. ವಿದೇಶದಲ್ಲಿ ಖರ್ಚಿಗೆ ಅಂತ ಮಾಡಿಸಿದ್ದ ಫಾರೆಕ್ಸ್ ಕಾರ್ಡಿಗೆ ದುಡ್ಡು ತುಂಬಬೇಕಿತ್ತು. ಅದು ಬಗೆಹರಿದದ್ದು ದಾವಣಗೆರೆಯಿಂದ. ನಮ್ಮ ಮನೆಯವಳು ತನ್ನ ಯುಪಿಐನಿಂದ ನನ್ನ ಬ್ಯಾಂಕ್ ನಂಬರಿಗೆ ಇದ್ದುದರಲ್ಲೇ ಸಣ್ಣ ರೋಮಿಂಗ್ ಪ್ಯಾಕ್ ಹಾಕಿದಳು. ಎಂಟುನೂರು ಚಿಲ್ಲರೆ. ಒಂದು ಗಂಟೆಯಲ್ಲಿ ಆ ಸಿಮ್ಮಿಗೆ ಜೀವ ಬಂತು. ಮೊದಲು ಬಂದ ಮೆಸೇಜು ಬೆಸ್ಕಾಂ ಬಿಲ್ಲಿನದು. ಅಷ್ಟು ಖುಷಿಯಿಂದ ಕರೆಂಟ್ ಬಿಲ್ ನೋಡಿದ್ದು ಅದೇ ಮೊದಲು. ಆದರೆ ಬರುವ ಕರೆ ಎತ್ತಬೇಡಿ. ನಾನು ಮರೆತು ಒಂದು ಎತ್ತಿದೆ. "ಸರ್, ಪರ್ಸನಲ್ ಲೋನ್ ಬೇಕಿತ್ತಾ?"

ಮಾರನೆಯ ದಿನ ಲೌಟರ್‌ಬ್ರುನನ್‌ಗೆ ಹೋದೆವು. ಅಲ್ಲಿ ಸ್ಟೌಬಾಖ್ ಅಂತ ಜಲಪಾತ, 297 ಮೀಟರ್. ನಮ್ಮ ಜೋಗ 253. ಅಮ್ಮ ಕತ್ತೆತ್ತಿ ನೋಡಿ, "ಉದ್ದ ಐತಿ, ಆದ್ರೆ ನೀರು ಕಮ್ಮಿ" ಅಂತ ತೀರ್ಪು ಕೊಟ್ಟರು. ಹರಿಹರದ ಚಿಕ್ಕಮ್ಮನಿಗೆ ವಿಡಿಯೋ ಕರೆ ಹಚ್ಚಿ, ಅದೇ ಮಾತನ್ನು ಜಲಪಾತ ತೋರಿಸುತ್ತಾ ಮುಕ್ಕಾಲು ಗಂಟೆ ಹೇಳಿದರು. ಅರ್ಧ ಜಿಬಿ ಹತ್ತಿರ ಹೋಯಿತು. ನಾನು ತಡೆಯಲಿಲ್ಲ. ಬಾಸೆಲ್‌ನಲ್ಲಿ ಹಳದಿ ಕಾಗದ ತೋರಿಸಿದ್ದು ಅವರು.

ವಾಪಸ್ ಫ್ರೈಬುರ್ಗ್‌ಗೆ ಬರುವಾಗ ಬಾಸೆಲ್ ದಾಟಿದ ಕೂಡಲೇ ಡೇಟಾವನ್ನು ಹಳೆಯ ಯುರೋಪ್ ಸಿಮ್ಮಿಗೆ ಬದಲಾಯಿಸಿದೆ. ತಾನೇ ಹಿಡಿಯಿತು. ಕೊನೆಯ ವಾರ ಏನೂ ಆಗಲಿಲ್ಲ. ಬ್ಲ್ಯಾಕ್ ಫಾರೆಸ್ಟ್ ಅನ್ನುವ ಕಾಡಿನ ಕಡೆ ಟೀಟಿಸೀ ಸರೋವರಕ್ಕೆ ಹೋಗುವ ರೈಲಿನಲ್ಲಿ ಕಣಿವೆಯೊಳಗೆ ಸಿಗ್ನಲ್ ಆಗಾಗ ಹೋಗುತ್ತಿತ್ತು. ಅದು ಯಾರ ಸಿಮ್ಮಿಗೂ ಹಾಗೇ ಅಂದರು ಭಾವ.

ಒಟ್ಟು ಖರ್ಚು: ಯುರೋಪ್ ಇ-ಸಿಮ್ 1,800, ಸ್ವಿಸ್ ಇ-ಸಿಮ್ ಸುಮಾರು 500, ರೋಮಿಂಗ್ ಪ್ಯಾಕ್ ಎಂಟುನೂರು ಚಿಲ್ಲರೆ. 3,200 ಒಳಗೇ ಆಯಿತು, ಇಬ್ಬರಿಗೆ, 22 ದಿನಕ್ಕೆ. ಮೊದಲೇ ಪಟ್ಟಿ ನೋಡಿ ಸ್ವಿಟ್ಜರ್ಲೆಂಡ್ ಸೇರಿದ ಪ್ಲಾನ್ ತಗೊಂಡಿದ್ದರೆ ಇನ್ನೂರು-ಮುನ್ನೂರು ಜಾಸ್ತಿ ಆಗುತ್ತಿತ್ತು, ಬಾಸೆಲ್‌ನ ಬೆವರು ಉಳಿಯುತ್ತಿತ್ತು.

ಬೆಂಗಳೂರಿಗೆ ಇಳಿದ ಮೇಲೆ ಎರಡೂ ಇ-ಸಿಮ್ ಅಳಿಸಿ, ಅಂಗಡಿ ಸಿಮ್ ಆನ್ ಮಾಡಿದೆ. ಯುಪಿಐ ಆ್ಯಪ್ ಮತ್ತೆ ನಂಬರ್ ಪರೀಕ್ಷೆ ಮಾಡಬೇಕು ಅಂತು, ಮೆಸೇಜ್ ಕಳಿಸಿ ಎರಡು ನಿಮಿಷಕ್ಕೆ ಮುಗಿಯಿತು. ಬಸ್ಸಿನಲ್ಲಿ ತುಮಕೂರು ದಾಟುವಾಗ ಅಮ್ಮ ಕೇಳಿದರು, "ಆ ಸ್ವಿಸ್ ಸಿಮ್ಮಿನಾಗೆ ಇನ್ನೂ ಸ್ವಲ್ಪ ಉಳಿದಿತ್ತಲ್ಲ, ಏನಾಯ್ತು?"

"ಹೋಯ್ತಮ್ಮ. ಅಳಿಸಿಬಿಟ್ಟೆ."

"ಅಯ್ಯೋ, ಚಿಕ್ಕಮ್ಮಂಗೆ ಇನ್ನೊಂದು ಸಲ ಮಾತಾಡ್ತಿದ್ನಲ್ಲೋ."